ಸಂತೆಯ ದಿನದ ಮಾತ್ರೆ

ಹೊನ್ನಾಳಿ
೬ ಮಾರ್ಚ್ ೨೦೨೫

ಪ್ರೀತಿಯ ದುರ್ಗಾಂಬಿಕಾಳಿಗೆ,

ನಿನ್ನ ತಿಪ್ಪೇಶಪ್ಪ ಮೇಷ್ಟ್ರ ಮನಃಪೂರ್ವಕ ಆಶೀರ್ವಾದಗಳು. ನಿನ್ನ ಪತ್ರ ಕೈಸೇರಿ ಎರಡು ವಾರವಾದರೂ ಉತ್ತರಿಸಲಿಲ್ಲ, ಕ್ಷಮಿಸು. ‘ನನ್ನ ತಪ್ಪಿನಿಂದ ಒಬ್ಬ ಹೆಂಗಸು ನರಳಿದಳು, ಮಾರ್ಚ್ ಕೊನೆಗೆ ಜಗಳೂರಿನ ಕ್ಲಿನಿಕ್ಕಿಗೆ ಬೀಗ ಹಾಕಿ, ವಿಮಾ ಕಂಪನಿಯ ಕಚೇರಿಯಲ್ಲಿ ಕಾಗದ ನೋಡುವ ಕೆಲಸಕ್ಕೆ ಸೇರುತ್ತೇನೆ’ ಎಂದು ಬರೆದಿದ್ದೆ. ಅಂಥ ಮಾತಿಗೆ ಕುಳಿತಲ್ಲಿಂದಲೇ ಬುದ್ಧಿವಾದ ಬರೆದು ಕಳಿಸಲು ಮನಸ್ಸು ಒಪ್ಪಲಿಲ್ಲ. ಆ ಹೆಂಗಸನ್ನು ಒಮ್ಮೆ ಕಣ್ಣಾರೆ ಕಂಡು ಬರೆಯೋಣವೆಂದು ಕಾದೆ.

ನೀನು ಆಕೆಯ ಹೆಸರು ಬರೆದಿರಲಿಲ್ಲ. ಅದು ನಿನ್ನ ವೃತ್ತಿಯ ಮರ್ಯಾದೆ. ಆದರೆ ಚೌಡಕ್ಕನೇ ತನ್ನ ಕಥೆಯನ್ನು ಊರೂರಿನ ಸಂತೆಗಳಲ್ಲಿ ಹೇಳಿಕೊಂಡು ತಿರುಗುತ್ತಿದ್ದಾಳೆ! ಹೊನ್ನಾಳಿಯ ಸಂತೆಯಲ್ಲಿ ಹುಣಸೆಹಣ್ಣು ಕೊಳ್ಳಲು ಹೋದ ನಮ್ಮ ಪಕ್ಕದ ಮನೆಯವರು ಹಣ್ಣಿನ ಜೊತೆಗೆ ಕಥೆಯನ್ನೂ ತಂದರು. ಮುಂದಿನ ಸಂತೆಗೆ ನಾನೇ ಚೀಲ ಹಿಡಿದು ಹೋದೆ.

ಹುಣಸೆಹಣ್ಣು, ಒಣಮೆಣಸಿನಕಾಯಿಗಳ ಎರಡು ರಾಶಿಗಳ ನಡುವೆ ಕುಳಿತಿದ್ದಳು. ಬೆರಳ ಗೆಣ್ಣುಗಳು ಇನ್ನೂ ದಪ್ಪ. ಆದರೂ ತಕ್ಕಡಿ ಎತ್ತುವ ಕೈಯಲ್ಲಿ ಅಳುಕಿರಲಿಲ್ಲ. ನಾನು ಯಾರೆಂದು ಹೇಳಿದ್ದೇ ತಡ, ಗೋಣಿತಟ್ಟು ಕೊಡವಿ ಹಾಸಿದಳು.

“ನಮ್ಮ ಡಾಕ್ಟ್ರಮ್ಮಂಗೆ ಪಾಠ ಹೇಳಿದ ಮೇಷ್ಟ್ರಾ? ಬರ್ರಿ, ಕುಂತ್ಕಳ್ರಿ. ನಿಮಗೇ ಬೈಯಾಕೆ ಕಾಯ್ತಿದ್ದೆ.”

“ನಾನೇನು ಮಾಡಿದೆನಮ್ಮ?”

“ವಾರಕ್ಕೊಂದು ಮಾತ್ರೆ, ಸಂತೆ ದಿನ ನುಂಗು ಅಂದ್ರು ಅವರು. ಸಂತೆ ಮಾಡಿ ಬದುಕೋಳಿಗೆ ಯಾವ ದಿನ ಸಂತೆ ಇಲ್ಲ ಹೇಳ್ರಿ? ಸಂತೇಬೆನ್ನೂರಲ್ಲೊಂದು ನುಂಗ್ದೆ, ಚನ್ನಗಿರೀಲಿ ಒಂದು, ಇಲ್ಲೊಂದು, ನ್ಯಾಮತೀಲಿ ಒಂದು. ಒಂದು ಸಂತೇನೂ ತಪ್ಪಿಸ್ಲಿಲ್ಲ ನೋಡ್ರಿ, ಅಷ್ಟು ನಿಯತ್ತು ನಂದು!”

ಪಕ್ಕದ ಬೆಳ್ಳುಳ್ಳಿಯವಳು ಸೆರಗು ಬಾಯಿಗಿಟ್ಟು ನಕ್ಕಳು. ನಾನು ನಗಲಾರದೆ, ನಗದಿರಲಾರದೆ ಕುಳಿತೆ. ಜಗಳೂರಿನ ರೈತರಿಗೆ ವಾರಕ್ಕೊಂದೇ ಸಂತೆ. ಅವರ ವಾರದ ಲೆಕ್ಕವೇ ಅದು. ಆ ಊರಿನ ರೂಢಿಯಂತೆ ನೀನು ಹೇಳಿದೆ. ತವರಿಗೆ ಬಂದಾಗ ಕೈ ತೋರಿಸಲು ಬಂದಿದ್ದ ಈಕೆ ಸಂತೆಯಿಂದ ಸಂತೆಗೆ ಬಸ್ಸು ಹತ್ತುವವಳೆಂದು ನಿನಗೆ ತಿಳಿಯಲಿಲ್ಲ, ನೀನು ಕೇಳಲಿಲ್ಲ. ತಪ್ಪು ತಪ್ಪೇ, ಅದನ್ನು ನಾನು ಅಳಿಸುವುದಿಲ್ಲ. ಸಂಧಿವಾತವನ್ನು ಹತೋಟಿಗೆ ತರುವ ಆ ಮಾತ್ರೆ ಅಳತೆ ಮೀರಿದರೆ ಎಷ್ಟು ಕ್ರೂರವೆಂಬುದು ನಿನಗಿಂತ ಚೆನ್ನಾಗಿ ನನಗೆ ಗೊತ್ತಿಲ್ಲ.

ಆಗ ಲಗೇಜು ಆಟೋದಿಂದ ಚೀಲ ಇಳಿಸುತ್ತಿದ್ದ ಮಗ ದುರುಗೇಶ್ ಹತ್ತಿರ ಬಂದ.

“ಈಗ ನಗ್ತೀಯಲ್ಲವ್ವ, ಬಾಯೆಲ್ಲ ಹುಣ್ಣಾಗಿ ಗಂಜಿ ಕುಡಿಯಾಕೂ ಆಗ್ದೆ ಅಳ್ತಿದ್ದೋಳು ಯಾರು? ಮೆಣಸಿನಕಾಯಿ ಘಾಟು ಅಂತ ನಾವೆಲ್ಲ ಸುಮ್ನಿದ್ವಿ ಮೇಷ್ಟ್ರೇ. ಡಾಕ್ಟ್ರಮ್ಮನೇ ರಕ್ತ ನೋಡಿ, ಮಾತ್ರೆ ಲೆಕ್ಕ ಹಿಡಿದ್ರು. ಸುಳ್ಳು ಹೇಳಲ್ಲ, ಕ್ಲಿನಿಕ್ಕಿನಾಗೆ ನಿಂತು ಕೂಗಾಡ್ದೆ. ನಿಮ್ಮಿಂದಾನೇ ಹಿಂಗಾಗಿದ್ದು ಅಂದೆ. ‘ಹೌದಪ್ಪ, ನಾನೇ ಸರಿಯಾಗಿ ಹೇಳ್ಲಿಲ್ಲ’ ಅಂದ್ಬಿಟ್ರು. ಜಗಳಕ್ಕೆ ಹೋದೋನು ಹೊಸ ಔಷಧಿ ಚೀಟಿ ಇಸ್ಕಂಡು ಬಂದೆ.”

ದುರ್ಗಾಂಬಿಕಾ, ನಿನ್ನ ಪತ್ರದಲ್ಲಿ ಈ ಮಾತೇ ಇರಲಿಲ್ಲ. ತಪ್ಪನ್ನು ಬರೆದೆ, ಅದನ್ನು ಎದುರಿಗೆ ನಿಂತು ಒಪ್ಪಿಕೊಂಡದ್ದನ್ನು ಬಿಟ್ಟೆ. ಅದರ ನಂತರ ನಡೆದದ್ದನ್ನಂತೂ ಎರಡೇ ಸಾಲಿನಲ್ಲಿ ಮುಗಿಸಿದ್ದೆ. ಜೀವಶಾಸ್ತ್ರ ಹೇಳಿದ ಮುದುಕನಿಗೆ ಆ ಎರಡು ಸಾಲು ಸಾಲವು. ದುರುಗೇಶ್ ತೋರಿಸಿದ ನಿನ್ನ ಚೀಟಿ, ರಿಪೋರ್ಟುಗಳನ್ನು ಓದಿ ಅದನ್ನು ನಾನೇ ಹರಡಿ ಬರೆಯುತ್ತೇನೆ, ಓದಿಕೋ.

ಮಾತ್ರೆ ನಿಲ್ಲಿಸಿ, ಬೇಕಾದ ಔಷಧಿಯ ಜೊತೆ ಫೋಲಿಕ್ ಆಮ್ಲ ಕೊಟ್ಟೆ. ಬಾಯಿ ಹುಣ್ಣು ಮಾಯಿತು, ಕುಸಿದಿದ್ದ ರಕ್ತದ ಪ್ರಮಾಣ ಏರತೊಡಗಿತು. ಕಾರಣ ಸಿಕ್ಕಿತು, ಕಾಯಿಲೆ ಇಳಿಯಿತು ಎಂದು ಮನೆಯವರು ನೆಮ್ಮದಿಯಾದರು. ಬೇರೆ ಯಾರಾದರೂ ಅಲ್ಲಿಗೇ ಕೈ ತೊಳೆದುಕೊಳ್ಳುತ್ತಿದ್ದರು. ತಪ್ಪು ಮಾಡಿ ಹೆದರಿದವರಂತೂ ಆ ರೋಗಿ ಮತ್ತೆ ಕಣ್ಣಿಗೆ ಬೀಳದಿದ್ದರೆ ಸಾಕೆಂದುಕೊಳ್ಳುತ್ತಿದ್ದರು. ನೀನು ಮಾತ್ರ ಮತ್ತೆ ಮತ್ತೆ ಕರೆಸಿದೆ. ಹಾಗೆ ಬಂದ ಒಂದು ದಿನ ಆಕೆಯ ಒಂದು ಚಪ್ಪಲಿ ಹೊಸ್ತಿಲಾಚೆಯೇ ಉಳಿದಿತ್ತಂತೆ.

“ಚಪ್ಪಲಿ ಕಾಲಿಂದ ಜಾರಿದ್ದು ನಂಗೇ ಗೊತ್ತಿಲ್ಲ, ಆ ಯಮ್ಮಂಗೆ ಗೊತ್ತಾತು!” ಎಂದಳು ಚೌಡಕ್ಕ. “ಕಾಲು ಜೋಡಿಸಿ ನಿಂತ್ಕ, ಕಣ್ಣು ಮುಚ್ಚು ಅಂದ್ರು. ಇದೇನು ಕಣ್ಣಾಮುಚ್ಚಾಲೆ ಆಡಾಕೆ ಕರೆದ್ರಾ ಅಂತ ನಕ್ಕಂಡೇ ಮುಚ್ಚಿದೆ. ಮುಚ್ಚಿದ್ದಷ್ಟೇ, ವಾಲಿ ಅವರ ಮೇಲೇ ಬಿದ್ದೆ.”

ನೀನು ಆಗ ಯೋಚಿಸಿದ ಬಗೆಯನ್ನು ನೆನೆದರೆ ನನ್ನ ಎದೆ ತುಂಬುತ್ತದೆ. ರಕ್ತ ಏರುತ್ತಿದೆ, ಪಾದ ಮಾತ್ರ ಮರಗಟ್ಟುತ್ತಿದೆ. ಹಾಗಿದ್ದರೆ ಮಾತ್ರೆಯ ತಪ್ಪಿನ ಹಿಂದೆ ಇನ್ನೊಂದು ಕಾಯಿಲೆ ಅಡಗಿದೆ ಎಂದುಕೊಂಡೆ. ಬಿ-ಹನ್ನೆರಡು ಜೀವಸತ್ವ ಅಳೆಸಿದೆ, ತಳ ಕಂಡಿತ್ತು. ತಿನ್ನುವುದರಲ್ಲಿ ಕೊರತೆಯಿಲ್ಲ, ಮೊಟ್ಟೆ ಹಾಲು ಎಲ್ಲವೂ ಇದೆ. ಹಾಗಾದರೆ ಹೊಟ್ಟೆ ಯಾಕೆ ಹೀರುತ್ತಿಲ್ಲ? ದಾವಣಗೆರೆಗೆ ಕಳಿಸಿ ಎಂಡೋಸ್ಕೋಪಿ ಮಾಡಿಸಿದೆ. ಜಠರದ ಒಳಪದರ ಸವೆದಿತ್ತು. ಕೀಲುಗಳನ್ನು ಶತ್ರುವೆಂದು ತಿಳಿದು ಕಾದಾಡಿದ ಆಕೆಯ ರೋಗನಿರೋಧಕ ಶಕ್ತಿಯೇ ಜಠರದ ಜೀವಕೋಶಗಳ ಮೇಲೂ ತಿರುಗಿಬಿದ್ದಿತ್ತು. ಸಂಧಿವಾತವಿರುವ ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ಒಂದು ಕಡೆ ಸ್ವಂತದವರನ್ನು ಗುರುತಿಸಲಾರದ ಕಾವಲು ಇನ್ನೊಂದು ಕಡೆಯೂ ಎಡವಬಹುದೆಂದು ನೆನಪಿಟ್ಟುಕೊಳ್ಳುವವರು ಬೇಕು. ಫೋಲಿಕ್ ಆಮ್ಲ ರಕ್ತವನ್ನು ಏರಿಸಿ ಎಲ್ಲರ ಕಣ್ಣಿಗೆ ನೆಮ್ಮದಿಯ ಪರದೆ ಎಳೆಯುತ್ತಿತ್ತು. ಒಳಗೆ ನರಗಳು ಸೊರಗುತ್ತಲೇ ಇದ್ದವು. ನೀನು ಆ ಜೀವಸತ್ವದ ಸೂಜಿಮದ್ದು ಆರಂಭಿಸದಿದ್ದರೆ ಚೌಡಕ್ಕ ಇನ್ನೆಂದೂ ಬಸ್ಸಿನ ಮೆಟ್ಟಿಲು ಹತ್ತುತ್ತಿರಲಿಲ್ಲ.

ಪೂರ್ತಿ ಗುಣವಾಗಿದೆಯೆಂದು ನಿನ್ನನ್ನು ಮೆಚ್ಚಿಸಲು ಬರೆಯಲಾರೆ. ಎಡಗಾಲಿನ ಬೆರಳುಗಳಿಗೆ ಇನ್ನೂ ಅರಿವು ಬಂದಿಲ್ಲ. “ಕತ್ತಲಾದ್ರೆ ಇವನ ಭುಜ ಬೇಕು,” ಎಂದು ಮಗನನ್ನು ತೋರಿಸಿದಳು. ಆದರೆ ನನ್ನೆದುರೇ ಎದ್ದು, ರಾಶಿಗಳ ನಡುವಿನ ಕಿರುದಾರಿಯಲ್ಲಿ ಯಾವುದನ್ನೂ ತುಳಿಯದೆ ನಡೆದು, ಚಹಾ ತಂದುಕೊಟ್ಟಳು.

“ಕ್ಲಿನಿಕ್ ಮುಚ್ತಾರಂತೆ, ಖರೇನಾ?” ಎಂದು ದುರುಗೇಶ್ ಕೇಳಿದ.

ನಾನು ಉತ್ತರಿಸುವ ಮೊದಲೇ ಚೌಡಕ್ಕ ತಕ್ಕಡಿಯನ್ನು ಠಕ್ಕೆಂದು ಕೆಳಗಿಟ್ಟಳು. “ಹೆಂಗೆ ಮುಚ್ತಾರೆ? ಸೂಜಿ ಯಾರು ಬೇಕಾದ್ರೂ ಚುಚ್ತಾರೆ. ನಿಂತ್ಕ, ಕಣ್ಣು ಮುಚ್ಚು ಅನ್ನಾಕೆ ಯಾರು ಅದಾರೆ? ಹೇಳ್ರಿ ಅವರಿಗೆ, ಈಗ ಮತ್ತೆ ಶುರು ಮಾಡಿದ ಮಾತ್ರೆಗೆ ಮನೆದೇವರ ವಾರ ಹೇಳಿಕೊಟ್ಟಾರೆ, ನಾನು ತಪ್ಪಿಸಲ್ಲ ಅಂತ. ಊರೂರಿಗೆ ಸಂತೆ ಬೇರೆ ಇರ್ತೈತೆ, ಮನೆದೇವರ ವಾರ ಒಂದೇ ಅಲ್ವಾ?”

ಇದು ನಿನ್ನದೇ ಏರ್ಪಾಡಂತೆ. ಈಗ ಪ್ರತಿ ರೋಗಿಯನ್ನೂ ಮನೆದೇವರ ವಾರ ಯಾವುದೆಂದು ಕೇಳಿ, ವಾರದ ಮಾತ್ರೆಗೆ ಅದನ್ನೇ ಗೊತ್ತುಮಾಡಿ, ಅವರ ಬಾಯಿಂದಲೇ ಮತ್ತೊಮ್ಮೆ ಹೇಳಿಸುತ್ತೀಯಂತೆ. ಹೀಗೆ ಜನರ ಬದುಕಿನೊಳಗೆ ಇಳಿದು ತನ್ನನ್ನು ತಿದ್ದಿಕೊಂಡವಳು ನನ್ನ ತರಗತಿಯಲ್ಲಿ ಕುಳಿತಿದ್ದಳೆಂಬುದು ನನ್ನ ಭಾಗ್ಯ. ಅಂಥವಳು ಕ್ಲಿನಿಕ್ಕಿಗೆ ಬೀಗ ಹಾಕಿದರೆ ಆ ತಿದ್ದುಪಡಿಯೂ ಒಳಗೇ ಉಳಿಯುತ್ತದೆ. ನಿನ್ನ ಜಾಗಕ್ಕೆ ಬರುವವರು ಮತ್ತೆ ಮೊದಲಿನಿಂದ ಕಲಿಯಬೇಕು. ಅದಕ್ಕೆ ಇನ್ನೊಬ್ಬ ಚೌಡಕ್ಕ ಬೆಲೆ ತೆರಬೇಕಾಗಬಹುದು. ನಿರ್ಧಾರ ನಿನ್ನದು, ಒತ್ತಾಯಿಸಲಾರೆ. ಹೆದರಿಕೆ ಪೂರ್ತಿ ಹೋಗಲಿ ಎಂದೂ ಹಾರೈಸಲಾರೆ. ಸ್ವಲ್ಪ ಉಳಿದಿರಲಿ, ಅದು ನಿನ್ನ ಕೈಯನ್ನು ಎಚ್ಚರವಾಗಿಡುತ್ತದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಕಣ್ಣು ಸೂಕ್ಷ್ಮವಾಗಿಯೂ ಮನಸ್ಸು ಮೃದುವಾಗಿಯೂ ಬಹುಕಾಲ ಉಳಿಯಲಿ.

ನಿನ್ನ ಹಿತವನ್ನೇ ಬಯಸುವ,
ತಿಪ್ಪೇಶಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಇಷ್ಟು ಹೊತ್ತು ಬೇಕಾಯಿತು. ನನ್ನ ಅನ್ನಪೂರ್ಣ ಕೀಲುನೋವಿನಿಂದ ಹಾಸಿಗೆ ಹಿಡಿದು ಹೋದಳೆಂದಷ್ಟೇ ನಿನಗೆ ಗೊತ್ತು. ಹಾಸಿಗೆ ಹಿಡಿಯುವ ಮುಂಚೆ, ಗೋಡೆ ಹಿಡಿದು ನಡೆಯುತ್ತಿದ್ದ ದಿನಗಳಲ್ಲಿ, “ರೀ, ನೆಲಕ್ಕೆಲ್ಲ ಹತ್ತಿ ಹಾಸಿದಂಗೈತೆ” ಎನ್ನುತ್ತಿದ್ದಳು. ತೋರಿಸಿದ ಕಡೆಯಲ್ಲೆಲ್ಲ ಡಾಕ್ಟರರು ಊದಿದ ಮಂಡಿಯನ್ನಷ್ಟೇ ನೋಡಿದರು. ಕಣ್ಣು ಮುಚ್ಚಿ ನಿಲ್ಲಮ್ಮ ಎಂದು ಯಾರೂ ಹೇಳಲಿಲ್ಲ. ಅವಳಿಗಿದ್ದದ್ದು ಇದೇ ಕಾಯಿಲೆಯೋ ಅಲ್ಲವೋ, ಇನ್ನು ತಿಳಿಯುವ ದಾರಿಯಿಲ್ಲ. ನಿನ್ನ ಪತ್ರ ಓದಿದ ದಿನ ಅದನ್ನು ಮಡಿಸಿಡಲೂ ನನ್ನಿಂದಾಗಲಿಲ್ಲ.

ಅವಳ ತಂಗಿ ಬಂಗಾರಮ್ಮ ನ್ಯಾಮತಿಯಲ್ಲಿದ್ದಾಳೆ. ಬೆರಳುಗಳು ಊದಿಕೊಂಡು ಕೆಲವು ವರ್ಷಗಳಾದವು. ನಿನ್ನೆ ಫೋನು ಮಾಡಿದ್ದಳು: “ಭಾವ, ನೆಲ ಯಾಕೋ ಮೆತ್ತಗೈತೆ, ಕಾಲಿಟ್ಟಿದ್ದೇ ಗೊತ್ತಾಗವಲ್ದು.” ಬರುವ ಬುಧವಾರ ಮೊದಲ ಬಸ್ಸಿಗೆ ಅವಳನ್ನು ಜಗಳೂರಿಗೆ ಕರೆದುಕೊಂಡು ಬರುತ್ತಿದ್ದೇನೆ. ಬಾಗಿಲು ತೆರೆದಿಟ್ಟಿರು, ಮಗಳೇ.