ಮರಳಿಗೆ ಇಳಿದ ದೇವರ ಮಣೆ

ಕಡಲೇರಿದ ನೂರ ಹನ್ನೊಂದನೆಯ ವರ್ಷ,
ಗಾಳಿಪಟದ ತಿಂಗಳು, ಮೂವತ್ತೆಂಟನೆಯ ತಾರೀಖು.
ಸೇಂಟ್ ಒರೇಲಿ ದ್ವೀಪ, ಕೆರಿಬಿಯನ್ ಕಡಲು.

ಕಡಲೇರುವ ಮೊದಲೇ ಬಾಳಿದ, ನಮ್ಮ ಹಿಂದಿನವರಾದ ನಿಮಗೆ ಹೈಮವತಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ಗಾಳಿ ಬೀಸುವುದು ನಿಲ್ಲುವವರೆಗೆ ನಮ್ಮಲ್ಲಿ ಗಾಳಿಪಟದ ತಿಂಗಳು ಮುಗಿಯುವುದಿಲ್ಲ, ಈ ವರ್ಷ ಗಾಳಿಗೆ ಹುಮ್ಮಸ್ಸು ಜಾಸ್ತಿ. ನನ್ನ ಕನ್ನಡವೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಕುಂದಾಪುರದ ಕಡೆಯ ದೋಣಿ ಕಟ್ಟುವವರಾದ ನಮ್ಮ ಹಿರಿಯರು ಇಲ್ಲಿಗೆ ಬಂದು ನಾಲ್ಕು ತಲೆಮಾರಾಯಿತು. ಅಷ್ಟರಲ್ಲಿ ನಮ್ಮ ಕೆಲವು ಮಾತುಗಳು ಕಳೆದುಹೋಗಿವೆ, ಕೆಲವು ಇಲ್ಲೇ ಹುಟ್ಟಿವೆ. ಅರ್ಥವಾಗದ ಕಡೆ ಕ್ಷಮಿಸಿ ಮುಂದಕ್ಕೆ ಹೋಗಿ. ಈಗಷ್ಟೇ ದಂಡೆಯಿಂದ ಓಡಿಬಂದಿದ್ದೇನೆ, ಕಾಲಿನ ಮರಳು ಕೂಡ ತೊಳೆದಿಲ್ಲ. ಇದನ್ನು ಯಾರಿಗಾದರೂ ಹೇಳದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ!

ನಾವಿರುವುದು ಏರುಮನೆಗಳಲ್ಲಿ. ಭರತದ ನೀರಿನೊಡನೆ ಮೇಲೇರಿ, ಇಳಿತಕ್ಕೆ ಮರಳ ಮೇಲೆ ಕೂರುವ ಮರದ ಮನೆಗಳಿವು. ತೇಲಿಹೋಗದಂತೆ ಹಗ್ಗ ಹಾಕಿ, ಹಲಸಿನ ಜಾತಿಯ ಜೀಗುಜ್ಜೆ ಮರಗಳಿಗೆ ಕಟ್ಟಿರುತ್ತೇವೆ. ಬೆಳಿಗ್ಗೆಗೆ ಉಪ್ಪುಮೀನು, ಎಣ್ಣೆಯಲ್ಲಿ ಕರಿದ ಜೀಗುಜ್ಜೆ ಪೋಡಿ, ಜೊತೆಗೆ ಕಣ್ಣು ಮೂಗಿನಲ್ಲೆಲ್ಲ ನೀರು ಬರಿಸುವ ಇಲ್ಲಿನ ಮೆಣಸಿನ ಚಟ್ನಿ. ಮಧ್ಯಾಹ್ನ 'ತೆಪ್ಪಗಿನ ಹೊತ್ತು'. ಆಗ ದ್ವೀಪದ ಯಂತ್ರಗಳನ್ನೆಲ್ಲ ಮಲಗಿಸಿಬಿಡುತ್ತಾರೆ. ಯಾರಿಗೂ ಯಾರೂ ಸಂದೇಶ ಕಳಿಸುವಂತಿಲ್ಲ, ಯಾವ ಪರದೆಯೂ ಬೆಳಗುವುದಿಲ್ಲ. ದೊಡ್ಡವರು ತೂಗುಬಲೆಯಲ್ಲಿ ಗೊರಕೆ ಹೊಡೆಯುತ್ತಾರೆ, ಮಕ್ಕಳು ದಂಡೆಗೆ ಓಡುತ್ತಾರೆ. ಡ್ರಮ್ಮಿನ ಓಣಿಯ ಹುಡುಗಿಯರು ಕೈ ಕೈ ಹಿಡಿದು ಸುತ್ತ ನಿಂತು, ನಡುವೆ ಸಿಕ್ಕವಳನ್ನು ಕುಣಿಸದೆ ಬಿಡುವುದಿಲ್ಲ. ಬಲೆಯೋಣಿಯವರದು ಗೋಲಿ, ಗುಡ್ಡದ ಓಣಿಯವರದು ಗುಂಯ್‌ಗುಡುವ ಗಾಳಿಪಟ.

ಹೀಗೆ ಓಣಿಗೊಂದು ಆಟ, ಓಣಿಗೊಂದು ತುಂಡು ದಂಡೆ. ಅದನ್ನು ಉಳಿಸಿಕೊಳ್ಳಲು ನಮ್ಮಲ್ಲಿ 'ಕೈದಾಟು' ಎಂಬ ಕಟ್ಟಳೆಯಿದೆ. ವರ್ಷಕ್ಕೊಮ್ಮೆ ಓಣಿಯ ಒಂದು ಮಗು ತನ್ನ ಮನೆಯ ಆಟವನ್ನು ಬೇರೆ ಓಣಿಯ ಮಗುವಿಗೆ ಕಲಿಸಬೇಕು. ದೊಡ್ಡವರು ಬಾಯಿ ಹಾಕುವಂತಿಲ್ಲ. ಕಲಿತ ಮಗು ತಾನಾಗಿಯೇ "ಇನ್ನೊಂದಾಟ" ಅಂದರೆ ಆಟಕ್ಕೆ ಜೀವ ಇದೆ ಎಂದು ಲೆಕ್ಕ. ಎರಡು ವರ್ಷ ಸತತವಾಗಿ ಯಾರೂ ಅನ್ನದಿದ್ದರೆ ಆ ದಂಡೆ ಕಡಲಪಾಚಿ ಬೆಳೆಯುವವರ ಪಾಲು. ಕಲಿಸಲು ಆಟವಿಲ್ಲದೆ ನಮ್ಮ ಓಣಿ ಹೋದ ವರ್ಷ ಬರಿಗೈಯಲ್ಲಿ ನಿಂತು ನಗೆಪಾಟಲಾಗಿತ್ತು. ಈ ವರ್ಷ ಕೊನೆಯ ಅವಕಾಶ, ಕಲಿಸುವ ಸರದಿ ನಮ್ಮ ಮನೆಯದು. ಪಾಚಿಯವರು ಆಗಲೇ ಬೇಲಿಯ ಗೂಟಗಳನ್ನು ತಂದು ನಮ್ಮ ಮಕ್ಕಳ ಕಣ್ಣೆದುರೇ ರಾಶಿ ಹಾಕಿದ್ದರು. ಮೊಮ್ಮಗಳು ಜಾಜಿ ಅದನ್ನು ನೋಡಿ ಊಟ ಬಿಟ್ಟು ಕೂತಿದ್ದಳು.

ನಮ್ಮ ಮನೆಯಲ್ಲಿ ಆಟವೇ ಇಲ್ಲ ಎಂದುಕೊಂಡಿದ್ದೆವು. ಇದ್ದದ್ದು ದೇವರು. ಹಲಸಿನ ಮರದ ಒಂದು ಉದ್ದನೆಯ ಮಣೆ, ಅದರಲ್ಲಿ ಎರಡು ಸಾಲು ಗುಳಿಗಳು, ಸಾಲಿಗೆ ಏಳು. ಮೊದಲು ಬಂದವರು ಊರಿನಿಂದ ತಂದದ್ದು. ಹದಿನಾಲ್ಕು ಗುಳಿ ಎಂದರೆ ಹದಿನಾಲ್ಕು ಲೋಕ ಎಂದು ಅಜ್ಜಿ ಹೇಳಿಕೊಟ್ಟಿದ್ದಳು. ಕೆಂಪು ಬಟ್ಟೆಯಲ್ಲಿ ಸುತ್ತಿ ದೇವರ ಕೋಣೆಯಲ್ಲಿ ಇಡುತ್ತಿದ್ದೆವು. ನವರಾತ್ರಿಗೆ ಗುಳಿಗುಳಿಗೂ ಅಕ್ಷತೆ ತುಂಬಿ ಆರತಿ ಎತ್ತುತ್ತಿದ್ದೆವು. ಸ್ನಾನ ಮಾಡದೆ ಮುಟ್ಟಿದರೆ ಬೆನ್ನಿಗೆ ಗುದ್ದು! ಒಡೆದೀತು, ಮುಟ್ಟಬೇಡಿ ಎಂದು ಯಾರೋ ಮಕ್ಕಳನ್ನು ಗದರಿಸಿರಬೇಕು. ಆ ಮಾತು ಮುಂದಿನ ತಲೆಮಾರಿಗೆ ಮಡಿಯಾಯಿತು, ಅದರ ಮುಂದಿನವರಿಗೆ ದೇವರಾಯಿತು.

ಪಕ್ಕದ ಮನೆಯ ಮಿಸ್ ಒಡೆಟ್ ಈ ದ್ವೀಪದ ಹಳೆಯ ಮನೆತನದವಳು, ನನಗಿಂತ ಹಿರಿಯಳು. ಅವಳಿಗೆ ನಮ್ಮ ಕನ್ನಡ ಚೆನ್ನಾಗಿ ಬರುತ್ತದೆ, ನಮ್ಮಮ್ಮನ ಜೊತೆ ಜಗಳ ಆಡಿಯೇ ಕಲಿತದ್ದು. ಮೊನ್ನೆ ಗಾಳಿಗೆ ನಮ್ಮ ಮನೆ ವಾಲಿದಾಗ ಸಾಮಾನು ಎತ್ತಿಡಲು ಬಂದವಳು ದೇವರ ಕೋಣೆಯ ಬಾಗಿಲಲ್ಲಿ ನಿಂತುಬಿಟ್ಟಳು. ಬಟ್ಟೆ ಸರಿದು ಮಣೆ ಕಾಣುತ್ತಿತ್ತು.

"ಎಂತಾ ಮಾರಾಯ್ತಿ, ಇದ್ಕ್ ಹೂ ಎಂತಕ್ ಹಾಕ್ತ್ರಿ? ಇದ್ ವಾರಿ ಮಣೆ ಅಲ್ದಾ! ಗುಳಿ ಎರಡ್ ಜಾಸ್ತಿ ಇತ್ತ್, ಅಷ್ಟೇ!"

ವಾರಿ ಎಂದರೆ ಅವಳ ಹಿರಿಯರು ಆಫ್ರಿಕಾದಿಂದ ತಂದ ಆಟ. ಸಾಲಿಗೆ ಆರು ಗುಳಿ. ಒಂದು ಗುಳಿಯ ಬೀಜ ಎತ್ತಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದೇ ಹಾಕುತ್ತ ಹೋಗುವುದು. ಬೀಜಕ್ಕೆ ದಂಡೆಯ ಮುಳ್ಳುಪೊದೆಯಲ್ಲಿ ಸಿಗುವ ಬೂದುಬಣ್ಣದ ನುಣ್ಣನೆಯ ಗಜ್ಜುಗ. ಹೌದು, ನಿಮ್ಮ ಗಜ್ಜುಗವೇ! ಅದು ನಮಗಿಂತ ಎಷ್ಟೋ ಮೊದಲು ಕಡಲಲ್ಲಿ ತೇಲಿಕೊಂಡು ಇಲ್ಲಿಗೆ ಬಂದು ಬೇರು ಬಿಟ್ಟಿದೆ. ನನಗೆ ನಗು ತಡೆಯಲಾಗಲಿಲ್ಲ, ಅಳುವೂ ಬಂತು. ಇಷ್ಟು ವರ್ಷ ಆಟದ ಮುಂದೆ ಕೈಮುಗಿದುಕೊಂಡು, ಮಕ್ಕಳಿಗೆ ಆಟವಿಲ್ಲ ಎಂದು ಕೊರಗಿದೆವಲ್ಲ! ನೀವು ಅಳಗುಳಿಮಣೆ ಎಂದೋ ಚೆನ್ನೆಮಣೆ ಎಂದೋ ಕರೆಯುವುದು ಇದನ್ನೇ ಎಂದು ಆಮೇಲೆ ಹಳೆಯ ಬರಹಗಳಲ್ಲಿ ಹುಡುಕಿದಾಗ ಗೊತ್ತಾಯಿತು. ಹೆಸರು ಸಿಕ್ಕಿತು, ಆಡುವ ಕ್ರಮ ಮಾತ್ರ ಎಲ್ಲಿಯೂ ಸಿಗಲಿಲ್ಲ.

ಜಾಜಿಯೂ ಒಡೆಟ್ಟೂ ಮಣೆ ಮುಂದೆ ಕೂತೇಬಿಟ್ಟರು. ಗುಳಿ ಹೆಚ್ಚಾದ ಕೂಡಲೇ ವಾರಿಯ ಲೆಕ್ಕವೆಲ್ಲ ಎಡವಟ್ಟಾಯಿತು. ಕೈಯಲ್ಲಿದ್ದ ಬೀಜ ಮುಗಿದರೆ ಮುಂದಿನ ಗುಳಿಯದನ್ನು ಎತ್ತಿಕೊಂಡು ಆಟ ಮುಂದುವರಿಸುವುದು ಎಂದು ತಾವೇ ಗೊತ್ತು ಮಾಡಿಕೊಂಡರು. ಆದರೆ ಆ ಮುಂದಿನ ಗುಳಿ ಖಾಲಿಯಿದ್ದರೆ? ಅಲ್ಲಿಗೆ ಬಂದಾಗಲೆಲ್ಲ ಇಬ್ಬರಿಗೂ ಜಗಳ. ಒಡೆಟ್ ಒಂದು ಹೇಳುವಳು, ಜಾಜಿ ಇನ್ನೊಂದು. ಬಗೆಹರಿಯದೆಯೇ ಕೈದಾಟಿನ ದಿನ ಬಂದುಬಿಟ್ಟಿತು.

ಅದು ಇವತ್ತು. ಬಲೆಯೋಣಿಯ ಕೇಲೆಬ್ ಎಂಬ ಹುಡುಗನಿಗೆ ಜಾಜಿ ಕಲಿಸಬೇಕಿತ್ತು. ಗೋಲಿಯಲ್ಲಿ ಸೋತೇ ಗೊತ್ತಿಲ್ಲದ ಹುಡುಗ, ಮುಖ ಗಂಟು ಹಾಕಿಕೊಂಡೇ ಕೂತ. ಮಣೆಯನ್ನು ಮರಳ ಮೇಲಿಟ್ಟಾಗ ನಾನು ಒಮ್ಮೆ ಕೈಮುಗಿದೇಬಿಟ್ಟೆ, ಅಭ್ಯಾಸಬಲ. ಆಟ ಸಾಗಿತು. ಜಾಜಿಯ ಕೈ ಸರಸರ ಓಡಿ ಕೊನೆಯ ಬೀಜ ಬಿತ್ತು. ಮುಂದಿನ ಗುಳಿ ಖಾಲಿ! ದೊಡ್ಡವರು ಮಾತಾಡುವಂತಿಲ್ಲವಲ್ಲ, ಒಡೆಟ್ ಬಾಯಿಗೆ ಸೆರಗಿನಂತೆ ಟೋಪಿ ತುರುಕಿಕೊಂಡಳು.

ಜಾಜಿ ಆ ಖಾಲಿ ಗುಳಿಯನ್ನು ಬೆರಳಿನಿಂದ ಮೆಲ್ಲಗೆ ಒರೆಸಿದಳು. ಒರೆಸಿ, ಅದರಾಚೆಯ ಗುಳಿಯಲ್ಲಿದ್ದ ಬೀಜಗಳನ್ನೆಲ್ಲ ಬಾಚಿ ಮಡಿಲಿಗೆ ಹಾಕಿಕೊಂಡಳು.

"ಹಾಗಂತ ಯಾರು ಹೇಳಿದ್ದು?" ಕೇಲೆಬ್ ಎಗರಿಬಿದ್ದ.

"ನಮ್ಮನೇಲ್ ಹಾಂಗೇ!"

ಅವನು ಅವಳನ್ನು ದುರುಗುಟ್ಟಿ ನೋಡಿದ, ಮಣೆಯನ್ನು ನೋಡಿದ. ಆಡಿದ, ಸೋತ. ಆಮೇಲೆ ಗುಳಿಗಳಿಗೆ ತಾನೇ ಬೀಜ ತುಂಬತೊಡಗಿದ. "ಇನ್ನೊಂದಾಟ. ಈ ಸಲ ಮೊದಲು ನಾನು!"

ಆಹಾ! ದಂಡೆ ಉಳಿಯಿತು! ಮಕ್ಕಳು ಬೇಲಿಯ ಗೂಟಗಳನ್ನು ಹೊತ್ತು ಪಾಚಿಯವರ ದೋಣಿಗೆ ತಾವೇ ತುಂಬಿಕೊಟ್ಟರು. ಒಡೆಟ್ ಮಂಡಿನೋವು ಮರೆತು ಕುಣಿದಳು. ನಾನಂತೂ ಮೊಮ್ಮಗಳನ್ನು ತಬ್ಬಿಕೊಂಡು, ಹಾಗೆ ಒರೆಸಿ ಎತ್ತಬೇಕೆಂದು ನಿನಗೆ ಹೇಳಿದ್ದು ಯಾರೇ ಎಂದು ಕೇಳಿದೆ. ಅವಳಿಗೂ ಗೊತ್ತಿಲ್ಲ. "ಕೈ ತಾನಾಗೇ ಹೋಯ್ತ್ ಅಜ್ಜಿ," ಅಂದವಳೇ ಮತ್ತೆ ಆಟಕ್ಕೆ ಓಡಿದಳು.

ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಅವಳು ಮಾಡಿದ್ದು ಸರಿಯೇ? ನಿಮ್ಮ ಅಜ್ಜಿಯಂದಿರೂ ಖಾಲಿ ಗುಳಿಯನ್ನು ಹಾಗೆಯೇ ಒರೆಸುತ್ತಿದ್ದರೇ? ನಿಮ್ಮಲ್ಲಿ ಯಾರಿಗಾದರೂ ಗೊತ್ತಿರುತ್ತದೆ. ಇದನ್ನು ಓದುತ್ತ ಹೌದು ಎಂದೋ ಅಲ್ಲ ಎಂದೋ ಆಗಲೇ ತಲೆಯಾಡಿಸಿರುತ್ತೀರಿ. ನನಗದು ಕಾಣಿಸುವುದಿಲ್ಲ, ನನಗೆ ಹೇಳಿಕಳಿಸಲು ನಿಮಗೂ ದಾರಿಯಿಲ್ಲ. ದಯವಿಟ್ಟು ಪಕ್ಕದಲ್ಲಿರುವ ಮಗುವಿಗೆ ಹೇಳಿ. ನನಗೆ ತಲುಪುತ್ತದೆ.