ಬಲಕ್ಕೆ ತಿರುಗದ ಜೀಪು

ಭಾವಿ ಅಳಿಯಂದಿರಿಗೆ ವಾಹನ ತಪಾಸಣಾಧಿಕಾರಿ ಮಾವನ ಆಶೀರ್ವಾದಗಳು.

ಜೀಪನ್ನು ಎತ್ತರಿಸಿ ದಪ್ಪ ಟೈರು ಹಾಕಿಸಿದ್ದೀರಿ. ಎಲ್ಲ ನಿಯಮದಂತಿದೆಯೆಂದು ನಾನು ಸಹಿ ಹಾಕಬೇಕು. ನಿನ್ನೆ ಸ್ಟೀರಿಂಗನ್ನು ಎಡಕ್ಕೆ ಪೂರ್ತಿ ತಿರುಗಿಸಿ ತೋರಿಸಿದಿರಿ. ಬಲಕ್ಕೆ ತಿರುಗಿಸಿ ಎಂದರೆ, “ಮೊದಲು ಕಾಫಿ ಕುಡಿಯೋಣ ಬನ್ನಿ ಮಾವ” ಎಂದಿರಿ. ಕಾಫಿ ಎರಡು ಸಲ ಆಯಿತು, ಬಲಗಡೆ ಆಗಲಿಲ್ಲ.

ಮಗಳನ್ನು ದಿನಾ ಊರೆಲ್ಲ ಸುತ್ತಿಸಿ ಮನೆಗೆ ಬಿಡುತ್ತೀರಿ. “ನನ್ನ ಜೊತೆ ಇನ್ನಷ್ಟು ಹೊತ್ತು ಇರ್ಬೇಕಂತೆ ಅಪ್ಪಾ” ಎಂದು ನಾಚುತ್ತಾಳೆ. ನಮ್ಮ ಬೀದಿಗೆ ನೇರವಾಗಿ ಬರಲು ಬಲಕ್ಕೆ ತಿರುಗಬೇಕೆಂಬುದು ಅವಳಿಗೆ ಹೊಳೆದಿಲ್ಲ. ಹಾಗೆ ತಿರುಗಿದರೆ ಟೈರು ಬ್ರೇಕಿನ ಪೈಪನ್ನು ಉಜ್ಜುತ್ತದೆಂದು ನನ್ನ ಗುಮಾನಿ. ಪೈಪು ಹರಿದ ದಿನ ಪಕ್ಕದ ಸೀಟಿನಲ್ಲಿ ಅವಳಿರುತ್ತಾಳೆ.

ನಾಳೆ ಜೀಪನ್ನು ಓಡಿಸದೆ ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ. ಸರಿಯಾದ ಮೇಲೂ ಅವಳನ್ನು ಸುತ್ತುದಾರಿಯಲ್ಲೇ ಕರೆತನ್ನಿ. ಇಷ್ಟು ದಿನ ಸುತ್ತಿಸಿದ ನಿಜವಾದ ಕಾರಣವನ್ನು ನಾನು ಅವಳಿಗೆ ಹೇಳಿಲ್ಲ.

ಇನ್ನೂ ಸಹಿ ಹಾಕದ,
ನಿಮ್ಮ ಮಾವ