ನನ್ನ ಅಂಕಪಟ್ಟಿ ನಿಮ್ಮ ಬೀರುವಿನಲ್ಲಿದೆ

ಮಾನ್ಯ ಕುಲಸಚಿವರೇ,

ಮೊನ್ನೆ ನಿಮ್ಮ ಕಚೇರಿಯಿಂದ ಒಂದು ಪತ್ರ ಬಂತು. ಮುಂದಿನ ವರ್ಷದ ಪ್ರವೇಶ ಕೈಪಿಡಿಗಾಗಿ, 'ಉಚಿತ ಸಂಶೋಧನಾ ಪದವಿ ನನ್ನ ಬದುಕನ್ನು ಬದಲಿಸಿದ ಬಗೆ' ಎಂದು ಇನ್ನೂರು ಪದಗಳಲ್ಲಿ ಬರೆದು, ನಗುಮುಖದ ಭಾವಚಿತ್ರದೊಂದಿಗೆ ಕಳಿಸಬೇಕಂತೆ. ಪತ್ರ ಓದುತ್ತಿದ್ದಂತೆ ಭಾವಚಿತ್ರಕ್ಕೆ ಬೇಕಾದ ನಗು ತಾನಾಗಿಯೇ ಬಂತು. ಬದುಕು ಬದಲಾಗಿದೆ, ಸುಳ್ಳಲ್ಲ. ಆದರೆ ಈ ಪದವಿ ಉಚಿತವಲ್ಲ. ಐದನೇ ವರ್ಷದಲ್ಲಿರುವ ನಾನು ಇದನ್ನು ಮುಗಿಸಲೂ ಆರೆ, ಬಿಡಲೂ ಆರೆ. ಸೇರುವಾಗ ಒಪ್ಪಿಸಿದ ನನ್ನ ಮೂಲ ಅಂಕಪಟ್ಟಿಗಳು ನಿಮ್ಮ ಕಚೇರಿಯ ಕಬ್ಬಿಣದ ಬೀರುವಿನಲ್ಲಿವೆ. ಈ ತಿಂಗಳ ಇಪ್ಪತ್ತೆಂಟರೊಳಗೆ ಅವು ನನ್ನ ಕೈಗೆ ಬರದಿದ್ದರೆ, ಸಿಕ್ಕಿರುವ ಒಂದೇ ಒಂದು ಕೆಲಸ ಕೈತಪ್ಪುತ್ತದೆ. ಇದು ನನ್ನ ದೂರು. ಇನ್ನೂರು ಪದಗಳಲ್ಲಿ ಮುಗಿಯುವುದಿಲ್ಲ, ಕ್ಷಮಿಸಿ.

ಮೊದಲು ನಿಮಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡುತ್ತೇನೆ. ಶುಲ್ಕವೆಂದು ನೀವು ನನ್ನಿಂದ ಬಿಡಿಗಾಸೂ ತೆಗೆದುಕೊಂಡಿಲ್ಲ. ಪ್ರವೇಶ ಪತ್ರದಲ್ಲಿ ಶುಲ್ಕದ ಜಾಗದಲ್ಲಿ ಸೊನ್ನೆ ಇತ್ತು. ಆ ಸೊನ್ನೆಯನ್ನು ನೋಡಿ ಅಕ್ಕ ಆ ಹಾಳೆಯ ಎರಡು ಪ್ರತಿ ತೆಗೆದು, ಒಂದನ್ನು ಮನೆಯ ಗೋಡೆಗೆ ಅಂಟಿಸಿದಳು. ಅಕ್ಕನಿಗೆ ಪ್ರತಿ ತೆಗೆಯುವುದೇ ಕೆಲಸ. ನಿಮ್ಮ ಮುಖ್ಯದ್ವಾರದ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಯಂತ್ರದ ಮುಂದೆ ನಿಂತಿದ್ದಾಳೆ. ಮನೆಯಲ್ಲಿ ಇರುವುದು ನಾವಿಬ್ಬರೇ. ನಾಲ್ಕು ವರ್ಷ ತಿಂಗಳು ತಿಂಗಳು ಬರಬೇಕಾಗಿದ್ದ ಶಿಷ್ಯವೇತನ ಆರು ತಿಂಗಳಿಗೊಮ್ಮೆ, ನಿಮ್ಮ ಲೆಕ್ಕಪತ್ರ ವಿಭಾಗಕ್ಕೆ ನೆನಪಾದಾಗ ಬರುತ್ತಿತ್ತು. ಐದನೇ ವರ್ಷಕ್ಕೆ ಅದೂ ನಿಂತಿತು. ಹಾಗಾಗಿ ನಮ್ಮಲ್ಲಿ ಪದವಿಯ ಖರ್ಚನ್ನು ಎಣಿಸುವುದು ಅಕ್ಕ ದುಡಿದ ದಿನಗಳಲ್ಲಿ.

ನನ್ನ ಸಂಶೋಧನೆ ಟೊಮೇಟೊ ಸಸಿಗಳ ಮೇಲೆ. ಮಣ್ಣಿನಲ್ಲಿ ಎಷ್ಟು ಉಪ್ಪಿದ್ದರೆ ಸಸಿ ತಾಳಿಕೊಳ್ಳುತ್ತದೆ ಎಂದು ನೋಡುವುದು. ವಿಭಾಗದ ಹಿಂದಿನ ಗಾಜಿನ ಮನೆಯಲ್ಲಿ ಇನ್ನೂರ ನಲವತ್ತು ಕುಂಡಗಳಿವೆ. ಅವಕ್ಕೆ ನೀರು ಹಾಕುತ್ತಿದ್ದ ತೋಟಗಾರರು ನಿವೃತ್ತರಾದರು, ಆ ಹುದ್ದೆಯನ್ನು ನೀವು ತುಂಬಲಿಲ್ಲ. ಈಗ ನೀರು ಹಾಕುವವಳು ನಾನು. ಸಸಿಗಳಿಗೆ ಭಾನುವಾರ ಗೊತ್ತಿಲ್ಲ, ಆದರೆ ನಿಮ್ಮ ವಿಶ್ವವಿದ್ಯಾಲಯದ ಬಸ್ಸಿಗೆ ಚೆನ್ನಾಗಿ ಗೊತ್ತಿದೆ. ಹೀಗಾಗಿ ಪ್ರತಿ ಭಾನುವಾರ ಆಟೋ, ಹೋಗಲೂ ಬರಲೂ. ಅಲ್ಲಿಗೆ ಅಕ್ಕನ ಅರ್ಧ ದಿನ. ಕುಂಡಕ್ಕೆ ಅಂಟಿಸುವ ಚೀಟಿ ನೀರಿಗೆ ಅಳಿಸಬಾರದು, ಅದಕ್ಕೆ ಬೇರೆ ಶಾಯಿ. ತಕ್ಕಡಿ ಕೆಟ್ಟಿತು, ರಿಪೇರಿಗೆ ಅನುದಾನವಿಲ್ಲ, ಹೊರಗಿನ ಪ್ರಯೋಗಾಲಯದಲ್ಲಿ ತೂಗಿಸಿದರೆ ಒಂದೊಂದು ಎಲೆಗೂ ದರ. ಆರು ತಿಂಗಳಿಗೊಮ್ಮೆ ಪ್ರಗತಿ ವರದಿ, ಏಳು ಪ್ರತಿ, ಬಣ್ಣದ ಚಿತ್ರಗಳೊಂದಿಗೆ. ಆ ಏಳರಲ್ಲಿ ಆರನ್ನು ಯಾರೂ ತೆರೆಯುವುದಿಲ್ಲವೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ, ಏಕೆಂದರೆ ಪುಟಗಳು ಅಂಟಿಕೊಂಡೇ ಮರಳಿ ಬರುತ್ತವೆ. ವರದಿ ಕೇಳಲು ಬರುವ ಸಮಿತಿಗೆ ಚಹಾ, ಬಿಸ್ಕತ್ತು ವಿದ್ಯಾರ್ಥಿಯ ಕಡೆಯಿಂದ. ಇದು ಯಾವ ನಿಯಮದಲ್ಲೂ ಇಲ್ಲ. ನಿಯಮದಲ್ಲಿದ್ದಿದ್ದರೆ ವಿನಾಯಿತಿಗೆ ಅರ್ಜಿಯನ್ನಾದರೂ ಹಾಕಬಹುದಿತ್ತು. ಕಳೆದ ಸಲ ಒಬ್ಬ ಸದಸ್ಯರು ಬಿಸ್ಕತ್ತು ಮೆತ್ತಗಾಗಿದೆ ಎಂದರು. ನನ್ನ ದತ್ತಾಂಶದ ಬಗ್ಗೆ ಏನೂ ಅನ್ನಲಿಲ್ಲ.

ಇಷ್ಟೆಲ್ಲ ಟೊಮೇಟೊ ಬೆಳೆದೂ ಒಂದನ್ನೂ ಮನೆಗೆ ಒಯ್ಯುವಂತಿಲ್ಲ, ಅವು ಪ್ರಯೋಗದ ಸ್ವತ್ತು. ನೀರು ಹಾಕಿ ಮರಳುವಾಗ ದಾರಿಯಲ್ಲಿ ಕಾಲು ಕಿಲೋ ಕೊಂಡು ಹೋಗುತ್ತೇನೆ. ಚೀಲ ನೋಡಿದಾಗಲೆಲ್ಲ ಅಕ್ಕ, "ಬಾಮ್ಮ ರೈತ ಮಹಿಳೆ, ಇವತ್ತೂ ಕೊಂಡ್ಕೊಂಡೇ ಬಂದ್ಯಾ?" ಎಂದು ಕಾಲೆಳೆಯುತ್ತಾಳೆ.

ಮುಗಿಸಬಹುದಲ್ಲ ಎನ್ನುತ್ತೀರಿ. ಮೂರನೇ ವರ್ಷ ಗಾಜಿನ ಮನೆಯ ಮಾಡು ಒಡೆದು ಒಂದಿಡೀ ಬೆಳೆ ಹಾಳಾಯಿತು. ಮಾಡು ರಿಪೇರಿಯಾಗಲು ಹದಿನಾಲ್ಕು ತಿಂಗಳು ಬೇಕಾಯಿತು. ನನ್ನ ಮಾರ್ಗದರ್ಶಕರು ಕೆಟ್ಟವರಲ್ಲ. "ಇನ್ನೆರಡು ಬೆಳೆ ತೆಗೀಬೇಕಮ್ಮ, ಇಲ್ಲಾಂದ್ರೆ ಪರೀಕ್ಷಕರು ಒಪ್ಪಲ್ಲ. ನಾನಾದ್ರೂ ಏನ್ ಮಾಡ್ಲಿ?" ಎಂದು ತಲೆ ಕೆರೆದುಕೊಂಡರು. ಎರಡು ಬೆಳೆಯೆಂದರೆ ಇನ್ನೊಂದೂವರೆ ವರ್ಷ. ಹೀಗಿರುವಾಗ ನಮ್ಮ ಮನೆಯಿಂದ ಎರಡು ಬೀದಿ ಆಚೆಗಿನ ಶಾಲೆಯಲ್ಲಿ ವಿಜ್ಞಾನ ಶಿಕ್ಷಕಿಯ ಕೆಲಸ ಸಿಕ್ಕಿತು. ಮುಖ್ಯೋಪಾಧ್ಯಾಯಿನಿ ನನ್ನ ಪಾಠ ಕೇಳಿ, "ನಾಳೆಯಿಂದಲೇ ಬನ್ನಿ, ಒರಿಜಿನಲ್ ಅಂಕಪಟ್ಟಿ ತಂದು ತೋರಿಸಿ ಸಾಕು" ಎಂದರು. ಅವು ನಿಮ್ಮ ಬೀರುವಿನಲ್ಲಿವೆ ಎಂದು ಹೇಳಿದೆ. ಅವರು ಒಳ್ಳೆಯವರು, ಇಪ್ಪತ್ತೆಂಟರವರೆಗೆ ಕಾಯುತ್ತೇನೆ ಎಂದರು.

ಇಲ್ಲಿಂದ ಮುಂದಿನದನ್ನು ದಯವಿಟ್ಟು ನಿಧಾನವಾಗಿ ಓದಿ, ಏಕೆಂದರೆ ನನಗೂ ಮೊದಲ ಸಲಕ್ಕೆ ಅರ್ಥವಾಗಲಿಲ್ಲ. ಮೂಲ ಅಂಕಪಟ್ಟಿ ಬೇಕಾದರೆ ಪದವಿ ಬಿಡಬೇಕು ಎಂದರು ನಿಮ್ಮ ಗುಮಾಸ್ತರು. ಬಿಡುತ್ತೇನೆ ಎಂದು ಬರೆದುಕೊಟ್ಟೆ. ಐದು ವರ್ಷ ಐದು ಸಾಲಿನಲ್ಲಿ ಮುಗಿಯಿತು, ಏಕೆ ಬಿಡುತ್ತೀರಿ ಎಂದು ಯಾರೂ ಕೇಳಲಿಲ್ಲ. ಬಿಡಬೇಕಾದರೆ ಯಾವ ವಿಭಾಗಕ್ಕೂ ನನ್ನಿಂದ ಬಾಕಿಯಿಲ್ಲವೆಂದು ಹನ್ನೊಂದು ಸಹಿ ಬೇಕಂತೆ. ಗ್ರಂಥಾಲಯ, ಕ್ರೀಡೆ, ನಾನು ಒಮ್ಮೆಯೂ ಕಾಲಿಡದ ಈಜುಕೊಳ, ಎಲ್ಲ ಸುತ್ತಿ ಹತ್ತು ಸಹಿ ತಂದೆ. ಹನ್ನೊಂದನೆಯದು ಹಾಸ್ಟೆಲ್‌ನದು. ನಾನು ಒಂದು ದಿನವೂ ಹಾಸ್ಟೆಲ್‌ನಲ್ಲಿ ಇದ್ದವಳಲ್ಲ.

ವಾರ್ಡನ್ ದಪ್ಪ ರಿಜಿಸ್ಟರನ್ನು ಎರಡೆರಡು ಸಲ ತಿರುವಿದರು. "ನಿಮ್ಮ ಹೆಸರೇ ಇಲ್ವಲ್ರೀ."

"ಇಲ್ಲ ಮೇಡಂ, ನಾನು ಇಲ್ಲಿ ಇರಲೇ ಇಲ್ಲ. ಅದನ್ನೇ ಬರೆದುಕೊಡಿ."

"ರಿಜಿಸ್ಟರಲ್ಲಿ ಇಲ್ದಿರೋರ ಬಗ್ಗೆ ಬಾಕಿ ಇಲ್ಲ ಅಂತ ನಾನು ಹೇಗ್ರೀ ಬರ್ಕೊಡ್ಲಿ? ನಾಳೆ ಆಡಿಟ್‌ನೋರು ನನ್ನ ಹಿಡ್ಕೋತಾರೆ. ಒಂದು ಕೆಲ್ಸ ಮಾಡಿ. ಠೇವಣಿ ಕಟ್ಟಿ ಸೇರ್ಕೊಳ್ಳಿ, ಮಾರನೇ ದಿನ ಖಾಲಿ ಮಾಡಿ. ಸಹಿ ಹಾಕ್ಕೊಡ್ತೀನಿ."

ಠೇವಣಿಯೆಂದರೆ ಅಕ್ಕನ ಇಪ್ಪತ್ತಾರು ದಿನ. ಅಕ್ಕ ಮುಂಗಡ ಕೇಳಿ ತಂದಳು. ಹಣ ಹಿಡಿದು ಹೋದರೆ ಹಾಸ್ಟೆಲ್ ಗುಮಾಸ್ತರು ತಮ್ಮ ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಪದವಿ ಬಿಡಲು ಅರ್ಜಿ ಕೊಟ್ಟವರಿಗೆ ಹಾಸ್ಟೆಲ್ ಪ್ರವೇಶವಿಲ್ಲ. ಅರ್ಜಿ ಹಿಂದೆ ತೆಗೆದುಕೊಂಡರೆ ಪ್ರವೇಶವುಂಟು, ಆದರೆ ಸಿಕ್ಕ ಹತ್ತು ಸಹಿಗಳೂ ರದ್ದು. ಈ ಸಹಿಗಳಿಗೆ ಮೂವತ್ತು ದಿನ ಮಾತ್ರ ಆಯಸ್ಸು ಎನ್ನುವುದೂ ಆಗಲೇ ತಿಳಿಯಿತು. ಅದು ಇದೇ ಇಪ್ಪತ್ತಾರಕ್ಕೆ ಮುಗಿಯುತ್ತದೆ. ಅಡಕತ್ತರಿಯಲ್ಲಿ ಸಿಕ್ಕುವುದು ಎಂಬ ಮಾತನ್ನು ನಾನು ಎಷ್ಟೋ ಸಲ ಬಳಸಿದ್ದೆ, ಅದರ ಎರಡೂ ಅಲಗು ಕಂಡದ್ದು ಅವತ್ತೇ. ಈಗ ಹೇಳಿ, ಮಾನ್ಯರೇ: ಇಲ್ಲದ ಕೋಣೆಯಿಂದ ನಾನು ಹೊರಗೆ ಬರುವುದು ಹೇಗೆ?

ಅವತ್ತು ಸಂಜೆ ಅಂಗಡಿಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಕಪಾಟಿನ ಮೇಲಿನ ಖಾನೆಯಿಂದ ಒಂದು ರಟ್ಟು ತೆಗೆದು ಯಂತ್ರದ ಮೇಲಿಟ್ಟಳು. ಕಡುನೀಲಿ ರಟ್ಟು, ಅದರ ಮೇಲೆ ಚಿನ್ನದ ಅಕ್ಷರದಲ್ಲಿ ನನ್ನ ಹೆಸರು, ನನ್ನ ಪ್ರಬಂಧದ ಶೀರ್ಷಿಕೆ. ಎರಡು ವರ್ಷದ ಹಿಂದೆ, ನನಗೆ ಗೊತ್ತಾಗದಂತೆ, ಬೈಂಡಿಂಗ್‌ನವರ ಹತ್ತಿರ ಹೊಡೆಸಿಟ್ಟಿದ್ದಳಂತೆ, ಮುಗಿಸಿದ ದಿನ ಕೈಗೆ ಕೊಡಲು. ಕಳೆದ ವರ್ಷ ನಿಮ್ಮ ಸುತ್ತೋಲೆ ಬಂತು: ಇನ್ನು ಮುಂದೆ ಪ್ರಬಂಧದ ರಟ್ಟು ಕಂದು ಬಣ್ಣದ್ದೇ ಆಗಿರತಕ್ಕದ್ದು. ಆ ಸುತ್ತೋಲೆಯ ನಾನೂರು ಪ್ರತಿ ತೆಗೆದವಳೂ ಅಕ್ಕನೇ. "ಬಣ್ಣ ಬದಲಾದ್ರೇನಂತೆ, ಇನ್ನೊಂದು ಹೊಡೆಸಿದ್ರಾಯ್ತು ಅಂದ್ಕೊಂಡಿದ್ದೆ," ಎಂದಳು. ನನಗೆ ಅಳು ತಡೆಯಲಾಗಲಿಲ್ಲ. ಗಿರಾಕಿಗಳು ಕಾಯುತ್ತಿದ್ದರು, ಅವಳು ರಟ್ಟನ್ನು ಮತ್ತೆ ಮೇಲಿಟ್ಟು ಯಂತ್ರ ಶುರು ಮಾಡಿದಳು.

ನನ್ನ ಬೇಡಿಕೆ ದೊಡ್ಡದಲ್ಲ. ಮೂರು ಅಂಕಪಟ್ಟಿ, ನಾನೇ ಓದಿ ಪಡೆದವು, ಇಪ್ಪತ್ತೈದರೊಳಗೆ ಕೊಡಿ. ಸಹಿ ಮಾಡಿಸಿಕೊಂಡು, ಬೇಕಿದ್ದರೆ ಹೆಬ್ಬೆಟ್ಟು ಒತ್ತಿಸಿಕೊಂಡು ಕೊಡಿ. ಇನ್ನು ಮೇಲೆ ಯಾವ ವಿದ್ಯಾರ್ಥಿಯ ಮೂಲ ದಾಖಲೆಯನ್ನೂ ಒತ್ತೆಯಾಗಿ ಇಟ್ಟುಕೊಳ್ಳಬೇಡಿ. ಕೈಪಿಡಿಯಲ್ಲಿ 'ಉಚಿತ' ಎಂಬ ಪದವನ್ನು ಇಟ್ಟುಕೊಳ್ಳುವುದೇ ಆದರೆ ಅದರ ಕೆಳಗೆ ಭಾನುವಾರದ ಆಟೋದಿಂದ ಹಿಡಿದು ಸಮಿತಿಯ ಬಿಸ್ಕತ್ತಿನವರೆಗೆ ಎಲ್ಲವನ್ನೂ ಅಚ್ಚು ಹಾಕಿ. ನಾನು ಬರೆದುಕೊಡುತ್ತೇನೆ, ಸಂಭಾವನೆ ಬೇಡ.

ಈ ತಿಂಗಳು ಹೊಸ ಅರ್ಜಿಗಳ ಕಾಲ. ಹುಡುಗಿಯರು ಅಂಕಪಟ್ಟಿ ಹಿಡಿದು ಅಕ್ಕನ ಅಂಗಡಿ ಮುಂದೆ ಸಾಲು ನಿಂತಿದ್ದಾರೆ. "ಇಲ್ಲಿ ಓದೋಕೆ ಖರ್ಚು ಬರುತ್ತಾ ಅಕ್ಕಾ?" ಎಂದು ಕೇಳಿದವರಿಗೆಲ್ಲ ಅವಳು ಐದು ವರ್ಷವೂ, "ಏನೂ ಇಲ್ಲ ಕಣಮ್ಮ, ನಮ್ ತಂಗಿ ಫ್ರೀಯಾಗೇ ಓದ್ತಿದಾಳೆ" ಎಂದು ಎದೆಯುಬ್ಬಿಸಿ ಹೇಳುತ್ತಿದ್ದಳು. ಈ ವಾರ ಮಾತು ಬದಲಾಗಿದೆ. "ಒರಿಜಿನಲ್ ಮಾತ್ರ ಕೊಡ್ಬೇಡಿ" ಎನ್ನುತ್ತಾಳೆ. ಸೋಮವಾರದಿಂದ ಈ ಪತ್ರದ ಒಂದೊಂದು ಪ್ರತಿಯನ್ನು ಅವರ ಅರ್ಜಿಯ ಜೊತೆ ಮಡಚಿಟ್ಟು ಉಚಿತವಾಗಿ ಕೊಡಲಿದ್ದಾಳೆ. ನಿಮ್ಮ ದ್ವಾರದ ಎದುರು ನಾನು ಕಾಣುವ ಮೊದಲ ಉಚಿತ ವಸ್ತು ಅದು. ಅದರ ಕಾಗದದ ದುಡ್ಡನ್ನು ಮಾಲೀಕರು ಅಕ್ಕನ ಸಂಬಳದಲ್ಲೇ ಮುರಿದುಕೊಳ್ಳುತ್ತಾರೆ.

ನಾಳೆ ಭಾನುವಾರ. ಪದವಿ ಬಿಡುವ ನನ್ನ ಅರ್ಜಿ ಇನ್ನೂ ಅಂಗೀಕಾರವಾಗಿಲ್ಲ. ಸಸಿ ಒಣಗಿದರೆ ವಿಭಾಗದ ಸ್ವತ್ತು ಹಾಳು ಮಾಡಿದ ಬಾಕಿ ನನ್ನ ಹೆಸರಿಗೆ ಬೀಳುತ್ತದೆ. ಬೆಳಿಗ್ಗೆ ಆಟೋ ಹಿಡಿದು ನೀರು ಹಾಕಲು ಬರುತ್ತೇನೆ.

ಇಂತಿ,
ನಿಮ್ಮ ದಾಖಲೆಯಲ್ಲಿ ಬಿಡಲಾಗದವಳು,
ಹಾಸ್ಟೆಲ್ ದಾಖಲೆಯಲ್ಲಿ ಇಲ್ಲವೇ ಇಲ್ಲದವಳು,
ಜೆರಾಕ್ಸ್ ಅಂಗಡಿಯವಳ ತಂಗಿ

(ಭಾವಚಿತ್ರ ಲಗತ್ತಿಸಿಲ್ಲ. ತೆಗೆಸಲು ಅಕ್ಕನ ಕಾಲು ದಿನ ಬೇಕು.)